ಹೊಳಿಯ ಮೂರು ತರಗತಿಗಳು



ಈ ಸಲದ ಗೋಡೆ ಪತ್ರಿಕೆಗೆ "ನನಗೆ ಗೊತ್ತಿರುವ ಒಂದು ಕೆಲಸ" ಎಂಬ ವಿಷಯದ ಮೇಲೆ ಬರೆಯಬೇಕೆಂದು ಕನ್ನಡ ಗುರುಗಳು ಹೇಳಿದರು. ನಮ್ಮ ತರಗತಿಯಲ್ಲಿ ಒಬ್ಬಳು ರೊಟ್ಟಿ ಬಡಿಯುವುದರ ಬಗ್ಗೆ ಬರೆದಿದ್ದಾಳೆ. ಒಬ್ಬನು ಕುರಿ ಕಾಯುವುದರ ಬಗ್ಗೆ ಬರೆದಿದ್ದಾನೆ. ನಾನು ಹರಿಗೋಲಿನ ಬಗ್ಗೆ ಬರೆಯುತ್ತೇನೆ. ಇದರಲ್ಲಿ ನಾನು ಮಾಡಿದ ಒಂದು ತಪ್ಪು ಕೂಡ ಇದೆ. ಅದು ಕೊನೆಗೆ ಬರುತ್ತದೆ. ಆದ್ದರಿಂದ ದಯವಿಟ್ಟು ಯಾರೂ ಅರ್ಧಕ್ಕೆ ಬಿಟ್ಟು ಹೋಗಬೇಡಿರಿ.

ನಮ್ಮೂರು ಸುರಪುರ ತಾಲೂಕಿನಲ್ಲಿ ಕೃಷ್ಣಾ ನದಿಯ ದಂಡೆಯ ಮೇಲೆ ಇದೆ ಎಂಬುದು ನಿಮಗೆಲ್ಲ ಗೊತ್ತು. ಆಚೆ ದಂಡೆ ರಾಯಚೂರು ಜಿಲ್ಲೆ. ಬಸ್ಸು, ಲಾರಿಗಳು ತಿಂಥಣಿ ಹತ್ತಿರ ದೊಡ್ಡ ಸೇತುವೆ ಮೇಲೆ ದಾಟುತ್ತವೆ. ಆದರೆ ಆಚೆ ದಂಡೆಯಲ್ಲಿ ಹೊಲ ಇದ್ದವರು, ಬೀಗರು ಇದ್ದವರು ಅಷ್ಟು ದೂರ ಸುತ್ತಿ ಹೋಗುವುದಿಲ್ಲ. ಅವರು ನಮ್ಮಜ್ಜನನ್ನು ಕೂಗುತ್ತಾರೆ. ನಮ್ಮಜ್ಜ ಅಂಬಿಗ. ಅವರಪ್ಪನೂ ಅಂಬಿಗ.

ಹರಿಗೋಲು ಎಂದರೆ ಒಂದು ದೊಡ್ಡ ಬುಟ್ಟಿ ಇದ್ದ ಹಾಗೆ. ಬಿದಿರನ್ನು ಸೀಳಿ ಹೆಣೆಯುತ್ತಾರೆ. ಹಿಂದಿನ ಕಾಲದಲ್ಲಿ ಅದರ ಹೊರಗೆ ಚರ್ಮ ಹೊದಿಸುತ್ತಿದ್ದರಂತೆ. ಈಗ ಗೊಬ್ಬರದ ಚೀಲ ಇಲ್ಲವೆ ತಾಡಪತ್ರಿ ಹೊದಿಸಿ ಡಾಂಬರು ಬಳಿಯುತ್ತಾರೆ. ನಮ್ಮಜ್ಜನ ಹರಿಗೋಲು ಐದು ಮೊಳ ಅಗಲ ಇತ್ತು. ಬಿಸಿಲಿಗೆ ಬೋರಲು ಹಾಕಿದರೆ ದೊಡ್ಡ ಆಮೆ ಮಲಗಿದಂತೆ ಕಾಣುತ್ತಿತ್ತು. "ಇತ್ತು" ಎಂದು ಯಾಕೆ ಬರೆದೆ ಎಂಬುದು ಮುಂದೆ ತಿಳಿಯುತ್ತದೆ.

ಸುಮಾರು 1520ರಲ್ಲಿ ವಿಜಯನಗರಕ್ಕೆ ಡೊಮಿಂಗೊ ಪಾಯಸ್ ಎಂಬ ಪೋರ್ಚುಗೀಸ್ ಪ್ರವಾಸಿ ಬಂದಿದ್ದನು. ಅವನು ತುಂಗಭದ್ರಾ ನದಿಯಲ್ಲಿ ಬುಟ್ಟಿಯಂಥ ದೋಣಿಗಳನ್ನು ನೋಡಿ ಬರೆದಿಟ್ಟಿದ್ದಾನೆ. ಅವುಗಳಿಗೆ ಹೊರಗೆ ಚರ್ಮ ಹೊದಿಸಿದ್ದರು, ಅವುಗಳಲ್ಲಿ ಹದಿನೈದು ಇಪ್ಪತ್ತು ಜನ ಕೂಡುತ್ತಿದ್ದರು, ನೀರಿನಲ್ಲಿ ಅವು ಗರಗರ ತಿರುಗುತ್ತಿದ್ದವು ಎಂದು ಹೇಳಿದ್ದಾನೆ. ಇದನ್ನು ಸಮಾಜ ವಿಜ್ಞಾನದ ಗುರುಗಳು ನನಗೆ ತಿಳಿಸಿದರು. ನಾನು ಅಜ್ಜನಿಗೆ ಹೇಳಿದಾಗ ಅಜ್ಜ ನಕ್ಕು, "ಐನೂರು ವರ್ಷ ಆದ್ರೂ ತಿರಗೂದು ಬಿಟ್ಟಿಲ್ಲ ನೋಡು ಅದು" ಅಂದ.

ಅದೇ ಗುರುಗಳು ಒಂದು ದಿನ ಹಳೆಯ ಮಾಸಪತ್ರಿಕೆಯಲ್ಲಿದ್ದ ಒಂದು ಚಿತ್ರ ತೋರಿಸಿದರು. ಅದರಲ್ಲಿ ಒಬ್ಬ ಮನುಷ್ಯ ಉದ್ದನೆಯ ಸಣ್ಣ ದೋಣಿಯಲ್ಲಿ ಸಮುದ್ರದ ಮೇಲೆ ಕುಳಿತಿದ್ದನು. ಅದಕ್ಕೆ ಕಯಾಕ್ ಎನ್ನುತ್ತಾರೆ. ಗ್ರೀನ್‌ಲ್ಯಾಂಡ್ ಮತ್ತು ಕೆನಡಾದ ಉತ್ತರ ಭಾಗದಲ್ಲಿ ಹಿಮದ ನಾಡಿನ ಇನ್ಯೂಟ್ ಜನರು ಬೇಟೆಗಾಗಿ ಇದನ್ನು ಮಾಡಿಕೊಂಡರು. ಅಲ್ಲಿ ಮರಗಳು ಬೆಳೆಯುವುದಿಲ್ಲ. ಆದ್ದರಿಂದ ಸಮುದ್ರದಲ್ಲಿ ತೇಲಿ ಬಂದ ಕಟ್ಟಿಗೆ ಮತ್ತು ಎಲುಬುಗಳಿಂದ ಹಂದರ ಕಟ್ಟಿ, ಸೀಲ್ ಎಂಬ ಪ್ರಾಣಿಯ ಚರ್ಮವನ್ನು ಹೊದಿಸುತ್ತಿದ್ದರು. ನಮ್ಮದು ದುಂಡಗೆ, ಅವರದು ಉದ್ದ. ನಮ್ಮ ಹುಟ್ಟಿಗೆ ಒಂದೇ ಕಡೆ ಹಲಗೆ, ಅವರ ಹುಟ್ಟಿಗೆ ಎರಡೂ ತುದಿಗೆ ಹಲಗೆ. ಆದರೆ ಹಂದರದ ಮೇಲೆ ಚರ್ಮ ಹೊದಿಸುವ ಬುದ್ಧಿ ಇಬ್ಬರಿಗೂ ಒಂದೇ. ಈಗ ಆಟಕ್ಕಾಗಿ ಕಯಾಕ್ ನಡೆಸುವವರು ಬಹಳ ಜನ ಇದ್ದಾರೆ. ಅವು ಹೆಚ್ಚಾಗಿ ಪ್ಲಾಸ್ಟಿಕ್ ಇಲ್ಲವೆ ಫೈಬರಿನವು.

ಗುರುಗಳು ಇನ್ನೊಂದು ಮಾತು ಹೇಳಿದರು. ಸಮುದ್ರದಲ್ಲಿ ಎಲ್ಲರಿಗೂ ಒಂದೇ ದಾರಿ ಇರುವುದಿಲ್ಲ. ಹೊಸಬರು ಅಲೆ ಇಲ್ಲದ ಕೊಲ್ಲಿಯೊಳಗೆ, ದಂಡೆಯ ಮಗ್ಗಲಲ್ಲೇ ಇರಬೇಕು. ಸ್ವಲ್ಪ ಕಲಿತವರು ದಂಡೆಗುಂಟ ದೂರ ಹೋಗಬಹುದು. ಚೆನ್ನಾಗಿ ಬಲ್ಲವರು ಮಾತ್ರ ತೆರೆದ ಸಮುದ್ರಕ್ಕೆ, ದ್ವೀಪಗಳಿಗೆ ಹೋಗಬೇಕು. ದಂಡೆಯಿಂದ ಸಮುದ್ರದ ಕಡೆಗೆ ಗಾಳಿ ಬೀಸುತ್ತಿದ್ದರೆ ಬಹಳ ಅಪಾಯ. ದಂಡೆ ಹತ್ತಿರ ನೀರು ಶಾಂತವಾಗಿ ಕಾಣುತ್ತದೆ. ಮೋಸ ಹೋಗಿ ಇಳಿದರೆ ಗಾಳಿ ದೂರ ತಳ್ಳಿಕೊಂಡು ಹೋಗುತ್ತದೆ.

ಇದನ್ನು ಕೇಳಿ ನನಗೆ ಆಶ್ಚರ್ಯವಾಯಿತು. ಯಾಕೆಂದರೆ ನಮ್ಮಜ್ಜ ಶಾಲೆ ಕಲಿತವನಲ್ಲ. ಸಮುದ್ರ ನೋಡಿದವನೂ ಅಲ್ಲ. ಆದರೂ ಹೊಳಿಗೆ ಮೂರು ತರಗತಿ ಮಾಡಿದ್ದಾನೆ. ಅವನ್ನು ಈಗ ಹೇಳುತ್ತೇನೆ.

ಒಂದನೇ ತರಗತಿ: ಇದು ಹೊಸಬರಿಗೆ. ಬ್ಯಾಸಗಿಯಲ್ಲಿ ಹೊಳಿ ಸಣ್ಣದಾದಾಗ ದಂಡೆಯ ಹತ್ತಿರ ನೀರು ನಿಂತಿರುವ ಜಾಗದಲ್ಲಿ ಮಾತ್ರ ಹುಟ್ಟು ಹಾಕಬೇಕು. ನೀರು ಎದೆಗಿಂತ ಮ್ಯಾಲ ಇರಬಾರದು. ಹರಿಗೋಲಿನಲ್ಲಿ ನಿಲ್ಲಬಾರದು, ಕುಂಡ್ರಬೇಕು. ಮುಂದಿನ ಅಂಚಿನ ಹತ್ತಿರ ಕುಳಿತು ನೀರನ್ನು ಹುಟ್ಟಿನಿಂದ ತನ್ನ ಕಡೆಗೆ ಎಳೆಯಬೇಕು. ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಎಳೆದರೆ ತಿರುಗುವುದು ಕಡಿಮೆಯಾಗುತ್ತದೆ. ಮೊದಲ ಒಂದು ವಾರ ನಾನು ಬುಗುರಿಯಂತೆ ಸುತ್ತಿದ್ದೇ ಸುತ್ತಿದ್ದು. ದಂಡೆಯ ಮೇಲಿನ ಹೆಣ್ಣುಮಕ್ಕಳು ಬಟ್ಟೆ ಒಗೆಯುವುದು ಬಿಟ್ಟು ನಕ್ಕರು. ಈ ತರಗತಿಯ ಪರೀಕ್ಷೆ ಏನೆಂದರೆ, ಮೈಮೇಲೆ ಬಟ್ಟೆ ಇದ್ದಂತೆಯೇ ಈಜಬೇಕು. ಆಮೇಲೆ ಅಜ್ಜ ಬೇಕಂತಲೇ ಹರಿಗೋಲು ಮಗುಚುತ್ತಾನೆ. ಆಗ ಗಾಬರಿಯಾಗಿ ದಂಡೆಗೆ ಈಜಬಾರದು, ಹರಿಗೋಲಿನ ಅಂಚು ಹಿಡಿದು ತೇಲಬೇಕು. ಮನುಷ್ಯ ಸೋಲುತ್ತಾನೆ, ಹರಿಗೋಲು ತೇಲುತ್ತದೆ. ಕಯಾಕಿನವರೂ ಮಗುಚಿದಾಗ ದೋಣಿ ಬಿಟ್ಟು ಹೋಗಬಾರದೆಂದೇ ಕಲಿಯುತ್ತಾರಂತೆ.

ಎರಡನೇ ತರಗತಿ: ಇದು ಕಲಿತವರಿಗೆ. ಮಳಿಗಾಲ ಮುಗಿದು ನೀರು ತಿಳಿಯಾದ ಮೇಲೆ ಈಚೆ ದಂಡೆಯಿಂದ ಗಡ್ಡಿಗೆ, ಗಡ್ಡಿಯಿಂದ ಆಚೆ ದಂಡೆಗೆ ಹೋಗಬಹುದು. ಆದರೆ ಎದುರಿಗೆ ಕಾಣುವ ಜಾಗಕ್ಕೆ ನೇರವಾಗಿ ಹೋಗಲಿಕ್ಕೆ ಬರುವುದಿಲ್ಲ. ನಾವು ಅಡ್ಡ ಹೋಗುವಷ್ಟರಲ್ಲಿ ಹೊಳಿ ನಮ್ಮನ್ನು ಕೆಳಗೆ ಒಯ್ಯುತ್ತದೆ. ಆದ್ದರಿಂದ ಹರಿಗೋಲನ್ನು ತಲೆಯ ಮೇಲೆ ಹೊತ್ತು ದಂಡೆಗುಂಟ ಮೇಲಕ್ಕೆ ನಡೆದು, ಅಲ್ಲಿಂದ ಬಿಡಬೇಕು. ನೀರಿನ ಮೇಲೆ ನೊರೆ ಸುತ್ತುತ್ತಿದ್ದರೆ ಅಲ್ಲಿ ಸುಳಿ. ನೀರು ಉಬ್ಬಿ ಇಳಿಯುತ್ತಿದ್ದರೆ ಅದರ ಕೆಳಗೆ ಬಂಡೆ. ಕೃಷ್ಣಾ ನದಿಯಲ್ಲಿ ಮೊಸಳೆಗಳೂ ಇವೆ. ಅವು ಬಿಸಿಲಿಗೆ ಮಲಗುವ ಮರಳಿನ ಕಡೆ ಹರಿಗೋಲು ಹಚ್ಚಬಾರದು. ಜನ ಕುಳಿತ ಮೇಲೆ ನೀರಿನಿಂದ ಅಂಚಿನವರೆಗೆ ಒಂದು ಗೇಣಾದರೂ ಒಣಗಿರಬೇಕು. ಅಷ್ಟು ಇಲ್ಲದಿದ್ದರೆ ಒಬ್ಬರನ್ನು ಇಳಿಸಬೇಕು. ದಂಡೆ ಬಂತೆಂದು ಎಲ್ಲರೂ ಒಂದೇ ಕಡೆಗೆ ಏಳಬಾರದು.

ಮೂರನೇ ತರಗತಿ: ಇದು ಬಲ್ಲವರಿಗೆ. ನಾನು ಇದು ಮಳಿಗಾಲದ ತುಂಬಿದ ಹೊಳಿಯನ್ನು ದಾಟುವ ವಿದ್ಯೆ ಎಂದು ತಿಳಿದಿದ್ದೆ. ಅಜ್ಜನನ್ನು ಕೇಳಿದೆ. "ಅದೇನೂ ಅಲ್ಲ ತಮ್ಮಾ. ಇವತ್ತ ಆಗಲ್ಲ ಅಂತ ಹೇಳೂದೇ ಮೂರನೇದು" ಅಂದ. ನನಗೆ ನಿರಾಶೆಯಾಯಿತು. ಇದೂ ಒಂದು ವಿದ್ಯೆಯೇ ಎಂದು ಅಂದುಕೊಂಡೆ.

ನಮ್ಮ ಹೊಳಿಗೂ ಬೇರೆ ಹಳ್ಳಗಳಿಗೂ ಒಂದು ವ್ಯತ್ಯಾಸ ಇದೆ. ಹಳ್ಳಕ್ಕೆ ನೀರು ಬರಬೇಕಾದರೆ ಹತ್ತಿರದಲ್ಲಿ ಮಳಿ ಆಗಬೇಕು. ಕೃಷ್ಣೆ ಹುಟ್ಟುವುದು ಮಹಾರಾಷ್ಟ್ರದ ಮಹಾಬಲೇಶ್ವರದಲ್ಲಿ. ಅಲ್ಲಿ ಮಳಿ ಹೊಡೆದರೆ ಆಲಮಟ್ಟಿ ತುಂಬುತ್ತದೆ. ಆಲಮಟ್ಟಿಯಿಂದ ಬಿಟ್ಟರೆ ನಾರಾಯಣಪುರದ ಬಸವಸಾಗರಕ್ಕೆ ಬರುತ್ತದೆ. ಅಲ್ಲಿ ಗೇಟು ತೆಗೆದರೆ ನಮ್ಮೂರಿಗೆ. ಅಂದರೆ ನಮ್ಮಲ್ಲಿ ಬಿಸಿಲು ಬಿದ್ದಿದ್ದರೂ, ಒಂದು ಹನಿ ಮಳಿ ಇಲ್ಲದಿದ್ದರೂ ಹೊಳಿ ಏರಬಹುದು.

ಗೇಟಿನ ನೀರನ್ನು ಕ್ಯೂಸೆಕ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಕ್ಯೂಸೆಕ್ ಎಂದರೆ ಒಂದು ಸೆಕೆಂಡಿಗೆ ಸುಮಾರು 28 ಲೀಟರ್ ನೀರು. 2019ರ ಆಗಸ್ಟ್‌ನ ಪ್ರವಾಹದಲ್ಲಿ ನಾರಾಯಣಪುರದಿಂದ 5 ಲಕ್ಷ ಕ್ಯೂಸೆಕ್‌ಗಿಂತ ಹೆಚ್ಚು ಬಿಟ್ಟಿದ್ದರು. ನಾನು ಗಣಿತದ ಗುರುಗಳ ಹತ್ತಿರ ಕುಳಿತು ಲೆಕ್ಕ ಮಾಡಿದೆ. 5 ಲಕ್ಷವನ್ನು 28ರಿಂದ ಗುಣಿಸಿದರೆ ಒಂದು ಸೆಕೆಂಡಿಗೆ 1 ಕೋಟಿ 40 ಲಕ್ಷ ಲೀಟರ್ ಆಗುತ್ತದೆ. ನಮ್ಮವ್ವ ನೀರು ತರುವ ಕೊಡ 15 ಲೀಟರಿನದು. ಅಂಥ ಕೊಡ 9 ಲಕ್ಷಕ್ಕಿಂತ ಹೆಚ್ಚು, ಒಂದೇ ಸೆಕೆಂಡಿನಲ್ಲಿ! ಅದರ ಮುಂದೆ ಐದು ಮೊಳದ ಬುಟ್ಟಿ ಏನು ಮಾಡೀತು?

2020ರ ಆಗಸ್ಟ್‌ನಲ್ಲಿ ರಾಯಚೂರು ತಾಲೂಕಿನ ನಡುಗಡ್ಡೆಯ ಜನರು ಕುಳಿತಿದ್ದ ಹರಿಗೋಲು ಕೃಷ್ಣೆಯಲ್ಲಿ ಮಗುಚಿತು. ಅದರಲ್ಲಿ 13 ಜನ ಇದ್ದರು. ನಾಲ್ಕು ಜನ ನೀರುಪಾಲಾದರು.

ಇನ್ನೊಂದು ಸಂಗತಿ ನಿಮ್ಮಲ್ಲಿ ಕೆಲವರು ಕೇಳಿರಬಹುದು. 2013ರಲ್ಲಿ ನಮ್ಮ ಜಿಲ್ಲೆಯ ನೀಲಕಂಠರಾಯನಗಡ್ಡಿಯ ಒಬ್ಬ ತುಂಬು ಗರ್ಭಿಣಿ ಒಣಗಿದ ಸೋರೆ ಬುರುಡೆಗಳನ್ನು ಕಟ್ಟಿಕೊಂಡು ತುಂಬಿದ ಕೃಷ್ಣೆಯನ್ನು ಈಜಿ ದಾಟಿದಳು. ಹೆರಿಗೆಗೆ ದವಾಖಾನೆ ಬೇಕಾಗಿತ್ತು. ಗಡ್ಡಿಯ ಸುತ್ತ ಮಹಾಪೂರ ಇತ್ತು. ನಾನು ಅಜ್ಜನಿಗೆ, "ಆಕಿ ದಾಟ್ಯಾಳ, ನಾವ್ಯಾಕ ದಾಟಬಾರದು?" ಅಂದೆ. ಅಜ್ಜ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆಕಿ ಸಂಗಾಟ ಆಕಿ ಅಪ್ಪ ಇದ್ದ, ಅಣ್ಣ ಇದ್ದ. ಮೈಗೆ ಬುರುಡಿ ಕಟ್ಟಿದ್ರು. ಆಕಿಗಿ ಬ್ಯಾರೆ ದಾರಿ ಇರಲಿಲ್ಲ. ನಿನಗ ದಂಡಿ ಮ್ಯಾಲ ಕುಂಡ್ರೂ ದಾರಿ ಅದ ಅಲ್ಲ?" ಅಂದ. ಆ ಮಾತು ಆಗ ನನ್ನ ತಲೆಗೆ ಹೋಗಲಿಲ್ಲ.

ಈಗ ನನ್ನ ತಪ್ಪಿನ ವಿಷಯ.

ಹೋದ ವರ್ಷ ಶ್ರಾವಣದಲ್ಲಿ ಒಬ್ಬ ವ್ಯಾಪಾರಿ ಮೋಟರ್ ಸೈಕಲ್ ತಗೊಂಡು ದಂಡೆಗೆ ಬಂದನು. ದಾಟಿಸು ಎಂದನು. ಅಜ್ಜ ನೀರಿನ ಹತ್ತಿರ ಹೋಗಿ ಗುರುತಿನ ಕಲ್ಲು ನೋಡಿ ಬಂದು, "ಇವತ್ತ ಆಗಲ್ರೀ" ಅಂದ. ಅವನು ಎರಡು ಪಟ್ಟು ರೊಕ್ಕ ಕೊಡುತ್ತೇನೆಂದನು. ಅಜ್ಜ ಒಪ್ಪಲಿಲ್ಲ. ಅವನು ಸಿಟ್ಟಾಗಿ, "ಮುದುಕಗ ಪುಕ್ಕಲುತನ ಹತ್ಯಾದ" ಎಂದು ಎಲ್ಲರ ಮುಂದೆ ಅಂದು ಹೋದನು. ಜನ ನಕ್ಕರು. ಅಜ್ಜ ಏನೂ ಅನ್ನಲಿಲ್ಲ. ಹರಿಗೋಲು ಬೋರಲು ಹಾಕಿದ. ಹುಟ್ಟನ್ನು ಮನೆಗೆ ತಂದು ಅಟ್ಟದ ಮೇಲೆ ಇಟ್ಟ. ನನಗೆ ಬಹಳ ಅವಮಾನವಾಯಿತು. ನೀರು ನೋಡಿದರೆ ಏನೂ ಏರಿದಂತೆ ಇರಲಿಲ್ಲ.

ಮರುದಿನ ಆದಿತ್ಯವಾರ. ಅಜ್ಜ ಕಣ್ಣು ತೋರಿಸಲು ಸುರಪುರಕ್ಕೆ ಹೋಗಿದ್ದ. ನಾನು ಡಬ್ಬಿಯ ಮೇಲೆ ಹತ್ತಿ ಅಟ್ಟದಿಂದ ಹುಟ್ಟು ತೆಗೆದೆ. ನಮ್ಮ ಅತ್ತೆಯ ಮಗ ನನ್ನಕಿಂತ ಎರಡು ವರ್ಷ ಸಣ್ಣವನು. "ಬ್ಯಾಡ ಅಣ್ಣಾ, ಅಜ್ಜ ಬೈತಾನ" ಅಂದ. ನಾನು, "ಗಡ್ಡಿಗೆ ಹೋಗಿ ಒಂದು ಹೊರಿ ಹುಲ್ಲು ತರೂಣು, ಅಜ್ಜ ಬರೂದರಾಗ ಬರತೀವಿ" ಎಂದು ಅವನನ್ನು ಎಳೆದುಕೊಂಡು ಹೋದೆ. ಯಾರಿಗೂ ಹೇಳಲಿಲ್ಲ. ಅಜ್ಜ ಬೆನ್ನಿಗೆ ಕಟ್ಟುವ ಖಾಲಿ ಎಣ್ಣೆ ಡಬ್ಬಿಗಳನ್ನೂ ಕಟ್ಟಿಕೊಳ್ಳಲಿಲ್ಲ.

ಹೋಗುವಾಗ ಏನೂ ತೊಂದರೆ ಆಗಲಿಲ್ಲ. ನಾನು ಹಾಡುತ್ತಾ ಹೋದೆ. ಹುಲ್ಲು ಕೊಯ್ದು ತಿರುಗಿ ಬಂದು ನೋಡಿದರೆ, ನಾವು ಇಳಿಯುವಾಗ ಕಾಲಿಟ್ಟ ಕಲ್ಲು ಕಾಣಲಿಲ್ಲ. ನೀರು ಕೆಂಪಾಗಿತ್ತು. ಕಸ ಕಡ್ಡಿ ತೇಲಿ ಬರುತ್ತಿದ್ದವು. ಆಕಾಶದಲ್ಲಿ ಒಂದು ಮೋಡ ಕೂಡ ಇರಲಿಲ್ಲ. ಆಗ ನಾವು ಗಡ್ಡಿಯ ಎತ್ತರದ ಜಾಗಕ್ಕೆ ಹೋಗಿ ಕೂಗಬೇಕಾಗಿತ್ತು. ನಾನು ಹೆದರಿ ಹರಿಗೋಲು ನೀರಿಗೆ ಬಿಟ್ಟೆ. ಮೇಲಕ್ಕೆ ನಡೆದು ಬಿಡಬೇಕು ಎಂಬುದನ್ನೂ ಮರೆತು ಎದುರಿಗೇ ಬಿಟ್ಟೆ.

ನಡು ಹೊಳಿಗೆ ಬರುತ್ತಲೇ ಹರಿಗೋಲು ತಿರುಗಲಿಕ್ಕೆ ಹತ್ತಿತು. ಊರು ಒಮ್ಮೆ ಎಡಕ್ಕೆ ಕಂಡಿತು, ಒಮ್ಮೆ ಬೆನ್ನ ಹಿಂದೆ ಹೋಯಿತು. ತಮ್ಮ ಅಳುತ್ತಾ ಎದ್ದು ನಿಂತ. ಒಂದು ಕಡೆಯಿಂದ ನೀರು ಒಳಗೆ ಬಂತು. "ಕುಂಡ್ರಲೇ!" ಎಂದು ಚೀರಿದೆ. ಅವನು ಕುಳಿತ. ಬಂಡೆಗೆ ಬಡಿದು ನನ್ನ ಕೈಯಿಂದ ಹುಟ್ಟು ಹೋಯಿತು. ಆಮೇಲೆ ನಾನು ಏನೂ ಮಾಡಲಿಲ್ಲ. ಮಾಡಲಿಕ್ಕೆ ಏನೂ ಇರಲಿಲ್ಲ. ಇಬ್ಬರೂ ಅಂಚು ಹಿಡಿದು ಕುಳಿತೆವು. ಹೊಳಿ ತನಗೆ ಬೇಕಾದ ಕಡೆ ಒಯ್ದಿತು. ಬಹಳ ಕೆಳಗೆ ಹೋದ ಮೇಲೆ ದಂಡೆಯ ಜಾಲಿ ಗಿಡಗಳು ನೀರಿನಲ್ಲಿ ಮುಳುಗಿದ್ದವು. ಹರಿಗೋಲು ಹೋಗಿ ಅವುಗಳಲ್ಲಿ ಸಿಕ್ಕಿತು. ಅಲ್ಲಿ ಕುರಿ ಕಾಯುವವರು ಇದ್ದರು. ಇಬ್ಬರು ತಮ್ಮ ಧೋತರ ಬಿಚ್ಚಿ ಗಂಟು ಹಾಕಿ ಒಗೆದರು. ಮೊದಲು ತಮ್ಮನನ್ನು ಎಳೆದರು, ಆಮೇಲೆ ನನ್ನನ್ನು. ಹರಿಗೋಲಿಗೆ ಮುಳ್ಳು ಹರಿದಿತ್ತು. ಅದು ನಾವು ನೋಡುತ್ತಿದ್ದಂತೆ ಮುಳುಗಿ ಹೋಯಿತು.

ಮನೆಯಲ್ಲಿ ಎಲ್ಲರೂ ಸೇರಿದರು. ಯಾರು ಬಿಟ್ಟಿದ್ದು ಎಂದು ಮಾಮಾ ಕೇಳಿದರು. ಗೆಳೆಯರೇ, ಆಗ ನಾನು ತಮ್ಮನ ಕಡೆ ಕೈ ತೋರಿಸಿದೆ. "ಇಂವ ಹರಿಗೋಲು ಬಿಚ್ಚಿ ಹೋಗಿದ್ದ, ನಾ ಉಳಸಲಿಕ್ಕಿ ಹೋದೆ" ಅಂದೆ. ಮಾಮಾ ಅವನನ್ನು ಹುಣಸಿ ಬರಲಿನಿಂದ ಹೊಡೆದರು. ಅವನು ಅತ್ತನೇ ಹೊರತು ನನ್ನ ಹೆಸರು ಹೇಳಲಿಲ್ಲ. ಮರುದಿನ ಶಾಲೆಯಲ್ಲಿ ನೀವೆಲ್ಲ ನನ್ನನ್ನು ಧೈರ್ಯವಂತ ಎಂದಿರಿ. ಪ್ರಾರ್ಥನೆಯಲ್ಲಿ ಚಪ್ಪಾಳೆ ಕೂಡ ಆಯಿತು. ನಾನು ಸುಮ್ಮನೆ ನಿಂತೆ. ತಮ್ಮ ಐದನೇ ತರಗತಿಯ ಸಾಲಿನಲ್ಲಿ ನಿಂತು ಅವನೂ ಚಪ್ಪಾಳೆ ಹೊಡೆದ.

ಅಜ್ಜ ಆವತ್ತು ಏನೂ ಅನ್ನಲಿಲ್ಲ. ಒಂದು ತಿಂಗಳಾದ ಮೇಲೆ ಹೊಸ ಹರಿಗೋಲಿಗೆ ಬಿದಿರು ಸೀಳುತ್ತಾ ಕುಳಿತಿದ್ದ. ನಾನು ಮಗ್ಗಲಲ್ಲಿ ಇದ್ದೆ. ತಲೆ ಎತ್ತದೆ, "ಅಟ್ಟಕ್ಕ ಅವನ ಕೈ ನಿಲಕತಾವೇನು?" ಅಂದ. ಅಷ್ಟೇ. ನನಗೆ ಹೊಳಿಯ ನಡುವೆ ಆಗದಷ್ಟು ಹೆದರಿಕೆ ಆಗ ಆಯಿತು. ಡಬ್ಬಿಯ ಮೇಲೆ ಹತ್ತಿದರೂ ಅವನ ಕೈ ಅಟ್ಟಕ್ಕೆ ಸಿಗುವುದಿಲ್ಲ. ಅಜ್ಜನಿಗೆ ಮೊದಲ ದಿನವೇ ಗೊತ್ತಿತ್ತು. ನಾನಾಗಿ ಹೇಳಲಿ ಎಂದು ಕಾದಿದ್ದ. ನಾನು ಅತ್ತೆ. ಅಜ್ಜ, "ನನ್ನ ಮುಂದ ಅತ್ತರ ಏನ್ ಬಂತು. ಅಂವ ಎಲ್ಲಾರ ಮುಂದ ಬಡಸಿಕೊಂಡಾನ" ಅಂದ.

ಮಾಮಾನ ಮುಂದೆ ಹೇಳಿದೆ. ಪೆಟ್ಟೂ ತಿಂದೆ. ಆದರೆ ಶಾಲೆಯಲ್ಲಿ ಹೇಳಿರಲಿಲ್ಲ. ಆದ್ದರಿಂದ ಇಲ್ಲಿ ಬರೆದಿದ್ದೇನೆ. ಹರಿಗೋಲು ಬಿಟ್ಟವನು ನಾನು. ಹೆದರಿದರೂ ಹೇಳಿದ ಮಾತು ಕೇಳಿ ಕುಳಿತು, ಇಬ್ಬರ ಜೀವ ಉಳಿಸಿದವನು ನನ್ನ ತಮ್ಮ. ಆ ಚಪ್ಪಾಳೆ ಅವನಿಗೆ ಸಲ್ಲಬೇಕು.

ಅಜ್ಜ ನನ್ನನ್ನು ಮತ್ತೆ ಒಂದನೇ ತರಗತಿಗೆ ಹಾಕಿದ್ದಾನೆ. ಈ ಬ್ಯಾಸಗಿಯಲ್ಲಿ ದಂಡೆಯ ಹತ್ತಿರವೇ ಹುಟ್ಟು ಹಾಕಿದೆ. ತಮ್ಮನೂ ಅದೇ ತರಗತಿಯಲ್ಲಿ ಇದ್ದಾನೆ. ನನ್ನಕಿಂತ ಕಡಿಮೆ ತಿರುಗುತ್ತಾನೆ.

ಎಲ್ಲರಿಗೂ ಉಪಯೋಗವಾಗಲೆಂದು ಅಜ್ಜ ಮತ್ತು ಗುರುಗಳು ಹೇಳಿದ್ದನ್ನು ಕೆಳಗೆ ಬರೆದಿದ್ದೇನೆ.

1. ಈಜು ಬಾರದವರು ದೊಡ್ಡವರಿಲ್ಲದೆ ಹರಿಗೋಲು ಹತ್ತಬಾರದು. ಈಜು ಬಂದವರೂ ಒಬ್ಬರೇ ಹೋಗಬಾರದು.
2. ಹೋಗುವ ಮೊದಲು ಎಲ್ಲಿಗೆ ಹೋಗುತ್ತೇವೆ, ಎಷ್ಟೊತ್ತಿಗೆ ಬರುತ್ತೇವೆ ಎಂದು ಮನೆಯಲ್ಲಿ ಹೇಳಬೇಕು.
3. ಲೈಫ್ ಜಾಕೆಟ್ ಇದ್ದರೆ ಅದೇ ಉತ್ತಮ. ಖಾಲಿ ಡಬ್ಬಿ ಜಾರಬಹುದು. ಆದರೆ ಏನೂ ಇಲ್ಲದೆ ಹೋಗುವುದಕ್ಕಿಂತ ಡಬ್ಬಿ ಮೇಲು.
4. ನೀರಿನ ಅಂಚಿಗೆ ಒಂದು ಕಲ್ಲು ಗುರುತು ಮಾಡಬೇಕು. ಅದು ಮುಳುಗಿದರೆ, ನೀರು ಕೆಂಪಾದರೆ, ಕಸ ತೇಲಿ ಬಂದರೆ ನೀರಿಗೆ ಇಳಿಯಬಾರದು.
5. ಗೇಟು ತೆಗೆಯುತ್ತಾರೆಂದು ಡಂಗುರ ಸಾರಿದರೆ ಬಿಸಿಲಿದ್ದರೂ ನಂಬಬೇಕು.
6. ಗಡ್ಡಿಯಲ್ಲಿ ಸಿಕ್ಕಿಬಿದ್ದರೆ ಎತ್ತರಕ್ಕೆ ಹೋಗಿ ಕೂಗಬೇಕು. ಹರಿಗೋಲು ಬಿಡಬಾರದು.
7. ಮಗುಚಿದರೆ ಅಂಚು ಹಿಡಿದು ತೇಲಬೇಕು.
8. "ಇವತ್ತ ಆಗಲ್ಲ" ಎಂದು ಹೇಳಿದವರನ್ನು ನೋಡಿ ನಗಬಾರದು.

ನನ್ನ ಬರವಣಿಗೆಯಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕು. ತಮ್ಮ ನನ್ನನ್ನು ಕ್ಷಮಿಸಬೇಕು.

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿ